ಕಪ್ಪು ಕನ್ನಡಕ

ಕಳೆದ ಮೂರು ಪಂಚಾಯಿತಿ ಚುನಾವಣೆಯಲ್ಲೂ ಕುರುಡಿ ದೊಡ್ಡತಾಯಮ್ಮನ ವೋಟನ್ನು ಪಕ್ಕದ ಮನೆಯ ಸಣ್ಣಪ್ಪನೇ ಒತ್ತಿದ್ದ. ಅವನ ಪಾಲಿಗೆ ಅದು ಜೇಬಿನಲ್ಲಿಟ್ಟ ವೋಟು. ಈ ಸಲವಂತೂ ಅವನ ತಮ್ಮನೇ ಆಟೋ ಗುರುತಿನಲ್ಲಿ ನಿಂತಿದ್ದ. ಮುದುಕಿಯ ರಟ್ಟೆ ಹಿಡಿದು ಮತಗಟ್ಟೆಗೆ ಎಳೆದು ತಂದ. ಅವಳ ಮೂಗಿನ ಮೇಲೆ ಹೊಸ ಕಪ್ಪು ಕನ್ನಡಕ ಬೇರೆ.

"ಕಣ್ಣು ಕಾಣ್ದಿದ್ರೂ ಶೋಕಿಗೇನೂ ಕಮ್ಮಿ ಇಲ್ಲ," ಎಂದು ಗೊಣಗಿದ.

ಮತಗಟ್ಟೆ ಅಧಿಕಾರಿ ಕೇಳಿದರು: "ಅಜ್ಜಿ, ಸಹಾಯಕ್ಕೆ ಯಾರು ಬೇಕೋ ಅವ್ರನ್ನ ಕರ್ಕೊಳ್ಳೋದು ನಿಮ್ಮ ಹಕ್ಕು. ಇವ್ರೇ ಆಗ್ಬೋದಾ?"

"ಇವ್ನೇ ಬರ್ಲಿ ಸ್ವಾಮಿ."

ರಟ್ಟಿನ ಮರೆಗೆ ಹೋದ ಮೇಲೆ ಅವಳು ಪಿಸುಗುಟ್ಟಿದಳು: "ಹೊಲಿಗೆ ಮಿಷನ್‌ಗೆ ಒತ್ತಪ್ಪ."

"ಬಾಯ್ಮುಚ್ಕೊಂಡ್ ನಿಂತ್ಕೊ," ಎಂದು ಗದರಿ ಸಣ್ಣಪ್ಪ ಮತಚೀಟಿಯ ಆಟೋ ಗುರುತಿನ ಮೇಲೆ ಮುದ್ರೆ ಒತ್ತಿದ.

"ಮಿಷನ್‌ಗೇ ಒತ್ತಿದ್ಯಾ?"

"ನಿನ್ ಮಿಷನ್‌ಗೇ ಕಣಜ್ಜಿ. ನಡಿ ಆಚೆಗೆ."

ಮುದುಕಿ ಅವನ ಕೈಯಿಂದ ಚೀಟಿ ಕಿತ್ತುಕೊಂಡು, ನೆಟ್ಟಗೆ ಅಧಿಕಾರಿಯ ಮೇಜಿಗೆ ನಡೆದಳು.

"ಸ್ವಾಮಿ, ನಾ ಹೇಳಿದ್ದು ಹೊಲಿಗೆ ಮಿಷನ್, ಇವ್ನು ಒತ್ತಿರೋದು ಆಟೋಗೆ. ಬೇರೆ ಚೀಟಿ ಕೊಡಿ, ನಾನೇ ಒತ್ತೀನಿ. ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನ ಆಯ್ತು."