ಹಾಲಮ್ಮನ ನುಣುಪು ಕೈ

ಸುಮಂಗಲಾ ತಾನೂ ಅವ್ವನೂ ಇದ್ದ ಹೊಸ ಪಟವನ್ನು ಗೋಡೆಗೆ ತೂಗುಹಾಕುವಷ್ಟರಲ್ಲಿ ಗಂಡಿನ ಕಡೆಯವರು ಬಾಗಿಲಿಗೆ ಬಂದಿದ್ದರು. ಪಟ ಗೋಡೆಗೆ ಏರಿತೆಂದರೆ ಅದರಲ್ಲಿದ್ದವರ ಮೈ ಅದರಂತೆಯೇ ಆಗಿಬಿಡುತ್ತಿತ್ತು. ಅದಕ್ಕೇ ಹೆಣ್ಣು ತೋರಿಸುವ ಮುಂಚೆ ದಾವಣಗೆರೆಯಲ್ಲಿ ಎಲ್ಲರೂ ಸ್ಟುಡಿಯೋಗೆ ಹೋಗಿ ಪಟದಲ್ಲಿ ಹಲ್ಲನ್ನೋ ಹೊಟ್ಟೆಯನ್ನೋ ತಿದ್ದಿಸಿಕೊಂಡು ಬರುತ್ತಿದ್ದರು. ಸುಮಂಗಲಾ ತನ್ನ ಮೊಡವೆ ಅಳಿಸಲು ಹೇಳಿದ್ದಳು. ಆಮೇಲೆ, ಅವ್ವನಿಗೆ ಕೇಳಿಸದಂತೆ, ಅವ್ವನ ಬಲಗೈಯ ಸುಟ್ಟ ಕಲೆಯನ್ನೂ.

ಅವ್ವ ಹಾಲಮ್ಮ ಗಾಡಿಯಲ್ಲಿ ಮಿರ್ಚಿ ಕರಿದು ಮಗಳನ್ನು ಸಾಕಿದವಳು. ಬಂದವರ ಮುಂದೆ ಮಿರ್ಚಿ ತಟ್ಟೆ ಇಟ್ಟು, ಯಾವಾಗಲೂ ಹೇಳುವ ಕಥೆಯನ್ನೇ ತೆಗೆದಳು.

“ಇಕಿ ಸಣ್ಣಾಕಿ ಇದ್ದಾಗ ಕಾದ ಎಣ್ಣಿ ಬಾಣಲೀನ ಮೈಮ್ಯಾಲೆ ಎಳಕೊಳ್ಳಾಕ ಹೋಗಿದ್ಲು ಕಣ್ರಿ. ನಾ ಬರಿಗೈಯಾಗ ಹಿಡಿದುಬಿಟ್ಟೆ. ಹೆಂಗ ಸುಟ್ಟೈತಿ ನೋಡ್ರಿ,” ಎಂದು ಬಲಗೈ ಚಾಚಿದಳು.

ಕೈ ನುಣ್ಣಗಿತ್ತು.

ಗಂಡಿನ ತಾಯಿ ಕೈ ನೋಡಿದಳು, ಗೋಡೆ ನೋಡಿದಳು. “ಪಟದಾಗೂ ಇಲ್ಲ, ಕೈಯಾಗೂ ಇಲ್ಲ. ಬರೀ ಮಾತಿನಾಗ ಸುಟ್ಟೈತಿ ನೋಡ್ರಿ!” ಎಂದಳು. ಎಲ್ಲರೂ ನಕ್ಕರು.

ಹಾಲಮ್ಮ ಕೈಯನ್ನು ತಿರುಗಿಸಿ ಹುಡುಕಿದಳು. ಪಟದ ಕಡೆ ನೋಡಿದಳು. ಕೊನೆಗೆ ಮಗಳನ್ನು ನೋಡಿದಳು.

ಅವ್ವ ಹೇಳಿದ್ದು ನಿಜ ಎನ್ನುವ ಮಾತು ಸುಮಂಗಲಾಳ ಗಂಟಲವರೆಗೆ ಬಂತು. ಅದನ್ನು ಹೇಳಿದರೆ ಅಳಿಸಿದವಳು ತಾನೇ ಎಂದೂ ಹೇಳಬೇಕಿತ್ತು. ಅವಳು ಮಿರ್ಚಿ ತಟ್ಟೆ ಎತ್ತಿ ಗಂಡಿನ ತಾಯಿಯ ಮುಂದೆ ಹಿಡಿದಳು.

“ಸುಮ್ನ ತಮಾಷಿಗೆ ಅಂದೆ ಬಿಡ್ರಿ,” ಎಂದು ಹಾಲಮ್ಮನೇ ನಕ್ಕು, ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಕಲೆ ಇದ್ದಾಗ ಆ ಕೈಯನ್ನು ಅವಳು ಒಂದು ದಿನವೂ ಮುಚ್ಚಿಕೊಂಡಿರಲಿಲ್ಲ.