ಮುರಿಗೆವ್ವ ನೇಗಿಲು ಹಿಡಿದದ್ದು

“ಈ ಹುಡುಗಿಗೆ ಗರ್ಭಕೋಶವೇ ಇಲ್ಲ,” ಎಂದರು ಶಿರಸಿಯ ಡಾಕ್ಟರು, ಕೈ ಒರೆಸಿಕೊಳ್ಳುತ್ತ. ಪರದೆಯ ಹಿಂದೆ ಸೀರೆ ಸುತ್ತಿಕೊಳ್ಳುತ್ತಿದ್ದ ಮುರಿಗೆವ್ವ ನಿರಿಗೆ ಹಿಡಿದಲ್ಲೇ ನಿಂತಳು. ಮದುವೆಯಾಗಿ ಆರು ವರ್ಷವಾದರೂ ಅವಳು ಮೈನೆರೆದಿರಲಿಲ್ಲ. ಹರಕೆ, ಕಷಾಯ ಎಲ್ಲ ಮುಗಿದ ಮೇಲೆ ಮಾವ ವೀರಪ್ಪ ಬನವಾಸಿ ಕಡೆಯ ತಮ್ಮ ಹಳ್ಳಿಯಿಂದ ಬಸ್ಸು ಹತ್ತಿಸಿ ಕರೆತಂದಿದ್ದ.

“ಹಂಗಾದ್ರ ಇದು ಹೆಣ್ಣಲ್ಲೇನ್ರಿ?” ಎಂದು ಕೇಳಿದ ವೀರಪ್ಪ.

“ಹೆಣ್ಣೇ. ಮುಟ್ಟಾಗೋದಿಲ್ಲ, ಹೆರೋದಿಲ್ಲ, ಅಷ್ಟೆ.”

‘ಹೆಣ್ಣೇ’ ಎಂದ ಆ ಮೊದಲ ಮಾತು ವೀರಪ್ಪನ ಕಿವಿಗೆ ಬೀಳಲೇ ಇಲ್ಲ.

ತವರಿನಲ್ಲಿದ್ದವನು ಅಣ್ಣನೊಬ್ಬನೇ. ಕೊಟ್ಟ ಹೆಣ್ಣು, ಏನಾದರೂ ಮಾಡಿಕೊಳ್ಳಿ ಎಂದು ಅವನು ಹೇಳಿಕಳಿಸಿದ. ಮುರಿಗೆವ್ವನ ಚಾಪೆ ಕೋಣೆಯಿಂದ ಕೊಟ್ಟಿಗೆಯ ಪಡಸಾಲೆಗೆ ಬಂತು. ಗಂಡ ಸೋಮಪ್ಪ ಅವಳ ಮುಖ ನೋಡುವುದನ್ನೇ ಬಿಟ್ಟ. ಮುಂಗಾರಿನ ಮೊದಲ ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನ ಅವನು ಇನ್ನೊಂದು ಹೆಣ್ಣು ನೋಡಲು ಸೊರಬದ ಕಡೆ ಹೋಗಿದ್ದ. ಆಳು ಜ್ವರದಲ್ಲಿ ಮಲಗಿದ್ದ. ಬೆನ್ನು ಬಾಗಿದ ವೀರಪ್ಪ ಎತ್ತು ಹೂಡಿ, ಸೊಸೆಯನ್ನು ಕರೆದ.

“ಹಿಡಿ ನೇಗಿಲಾ.”

ಅವಳು ಹಿಂದೆ ಸರಿದಳು. “ಹೆಣ್ಮಕ್ಳು ಮುಟ್ಟಬಾರ್ದಂತಲ್ರಿ ಮಾವಾರ. ಮುಟ್ಟಿದ್ರ ಮಳಿ ಬರೂದಿಲ್ಲಂತ.”

“ಡಾಕ್ಟರ್ ಅಂದಿದ್ದು ಕೇಳಿಲ್ಲೇನು? ನೀ ಮುಟ್ಟಿದ್ರ ಏನೂ ಆಗೂದಿಲ್ಲ. ಹಿಡಿ.”

ಮುರಿಗೆವ್ವ ಕಚ್ಚೆ ಹಾಕಿ ಹಿಡಿದಳು. ಮೊದಲ ಸಾಲು ಹಾವಿನಂತೆ ಸೊಟ್ಟಗಾಯಿತು. ನಾಲ್ಕಾರು ಸಾಲು ಕಳೆಯುವಷ್ಟರಲ್ಲಿ ಎತ್ತುಗಳು ಅವಳ ದನಿಗೆ ಒಗ್ಗಿದವು. ನೀರಿಗೆ ಹೊರಟ ಹೆಂಗಸರು ಬದುವಿನ ಮೇಲೆ ನಿಂತು, ಸೆರಗು ಬಾಯಿಗಿಟ್ಟುಕೊಂಡು ನೋಡಿದರು. ಅವಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಮಣ್ಣು ಸೀಳಿ ಎರಡೂ ಕಡೆ ಮಗುಚುವುದನ್ನು ನೋಡುತ್ತ ಒಳಗೊಳಗೇ ಎಂಥದೋ ಗೆಲುವಾಯಿತು. ಹೊತ್ತು ಇಳಿಯುವುದರೊಳಗೆ ಹೊಲ ಮುಗಿದಿತ್ತು.

ಅವಳು ಮನೆಗೆ ಬರುವಷ್ಟರಲ್ಲಿ ಸೋಮಪ್ಪ ಹೆಣ್ಣಿನ ತಂದೆಯನ್ನು ಕರೆದುಕೊಂಡೇ ಬಂದಿದ್ದ. ಗಂಡಸರು ಉಣ್ಣಲು ಕೂತಿದ್ದರು. ಮುರಿಗೆವ್ವ ಕಾಲು ತೊಳೆದು, ಗಂಗಾಳವೊಂದನ್ನು ತಂದು ಸಾಲಿನ ಕೊನೆಗೆ ಕೂತಳು.

ವೀರಪ್ಪನ ತುತ್ತು ಬಾಯ ಹತ್ತಿರವೇ ನಿಂತಿತು. “ಏ, ಗಂಡಸ್ರು ಉಣ್ಣೋದು ಕಾಣವಲ್ದೇನು? ಬೀಗರ ಮುಂದ ಮಾನಾ ಕಳೀತಿಯಲ್ಲ! ಹೆಂಗಸಂದಮ್ಯಾಲ ಒಂದೀಟು ನಾಚಿಕಿ ಬ್ಯಾಡಾ? ಎದ್ದು ಒಳಗ ಹೋಗು, ರೊಟ್ಟಿ ಬಡಿ.”

ಮುರಿಗೆವ್ವ ಎದ್ದಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಎರಡನೆಯದಕ್ಕೇ ಅಂಗೈಯ ಬೊಬ್ಬೆಗಳು ಒಡೆದು, ಬಿಳಿ ಹಿಟ್ಟಿಗೆ ರಕ್ತ ಹತ್ತಿತು. ಅವಳು ಅದನ್ನು ಒಂದು ಗಳಿಗೆ ನೋಡಿದಳು. ಕೈ ತೊಳೆಯಲಿಲ್ಲ. ಆ ರೊಟ್ಟಿಯನ್ನೇ ಬೇಯಿಸಿ ತಂದು ಮಾವನ ಗಂಗಾಳಕ್ಕೆ ಹಾಕಿದಳು.