ಗಡಿಯಲ್ಲಿ ಹೇಳಬಾರದ ಮಾತು

ಮೂರು ತಪಾಸಣೆ ದಾಟಿ, ಪ್ರವಾಸದ ಬಸ್ಸು ಸತ್ತವರ ಗಡಿ ತಲುಪಿತು. ವಾರಿಜಾ ಇಳಿದಳು; ಮುಳ್ಳುತಂತಿಯಾಚೆ ಅವಳ ತೀರಿಕೊಂಡ ಗಂಡ ಶ್ರೀಕರ ಕಾಯುತ್ತಿದ್ದ.

"ನನ್ನ ಸ್ವೆಟರ್ ಹಾಕ್ಕೊಂಡು ಬಂದಿದ್ದೀಯಾ? ಗೋಣಿಚೀಲ ತೊಟ್ಟಂಗಿದೆ ಕಣೇ."

"ನೀನು ಅಲ್ಲೂ ಗಡ್ಡ ಬೋಳಿಸಿಲ್ವಲ್ಲೋ!"

ಸಮಯ ಮುಗಿದು ಸೀಟಿ ಕೇಳಿಸಿದಾಗ ವಾರಿಜಾ ರೂಢಿಯಂತೆ, "ಸರಿ, ಬರ್ತೀನಿ" ಎಂದುಬಿಟ್ಟಳು.

ಬಂದೂಕು ಹಿಡಿದ ಕಾವಲುಗಾರ ಕೂಡಲೇ ಗೇಟು ತೆರೆದ.

ಗೈಡ್ ಹಣೆ ಚಚ್ಚಿಕೊಂಡ. "ಅಮ್ಮಾ, ಇಲ್ಲಿ 'ಬರ್ತೀನಿ' ಅಂದ್ರೆ ಒಳಗೆ ಸೇರಿಸ್ಕೋತಾರೆ! 'ಹೋಗ್ತೀನಿ' ಅನ್ನಿ ಅಂತ ಬಸ್ಸಲ್ಲೇ ಬಡ್ಕೊಂಡೆ. ಕನ್ನಡದವರ ಗುಂಪು ಬಂದ್ರೆ ಯಾವಾಗ್ಲೂ ಇದೇ ಗೋಳು!"

ವಾರಿಜಾ ಮಾತು ಹಿಂತೆಗೆದುಕೊಳ್ಳಲಿಲ್ಲ. ಗೇಟಿನತ್ತ ಒಂದು ಹೆಜ್ಜೆ ಇಟ್ಟಳು.

ಶ್ರೀಕರ ಓಡಿಬಂದು ಅಡ್ಡ ನಿಂತ. "ಗೇಟು ಹಾಕಿ ಸಾರ್," ಎಂದ ಕಾವಲುಗಾರನಿಗೆ. "ಇವಳು ಬರ್ತೀನಿ ಅಂದ್ಮೇಲೆ ಸೀರೆ ಆರಿಸೋಕೇ ನಲವತ್ತು ವರ್ಷ ಬೇಕು."